ಒಂದು ನಿಂಬೆ, ಏಳು ಮೆಣಸಿನಕಾಯಿ

ಶನಿವಾರ ಬೆಳಗಾದರೆ ಪೇಟೆಬೀದಿಯ ಅಂಗಡಿ ಬಾಗಿಲುಗಳಿಗೆ ಹೊಸ ದಾರ ಬರುತ್ತದೆ. ದಾರದಲ್ಲಿ ಒಂದು ನಿಂಬೆಹಣ್ಣು, ಅದಕ್ಕೆ ಜೊತೆಯಾಗಿ ಏಳು ಹಸಿಮೆಣಸಿನಕಾಯಿ, ಕೆಲವೊಮ್ಮೆ ತುದಿಗೊಂದು ಇದ್ದಿಲ ಚೂರು. ಲಾರಿಯ ಮುಂಬದಿಗೂ ಅದೇ, ಹೊಸ ಕಾರಿನ ಬಂಪರಿಗೂ ಅದೇ. ಕೆಟ್ಟ ದೃಷ್ಟಿ ಒಳಗೆ ಬಾರದಿರಲೆಂದು ಹುಳಿಯನ್ನೂ ಖಾರವನ್ನೂ ಹೊರಗೇ ನಿಲ್ಲಿಸುವ ಏರ್ಪಾಡು ಇದು. ಈ ದತ್ತಿ ಉಪನ್ಯಾಸದ ವಿಷಯ ಆ ದಾರದಿಂದಲೇ ಇಳಿದು ಬಂದದ್ದು. ಬಾಗಿಲಾಚೆ ತೂಗುವ ಈ ಎರಡನ್ನೂ ಅಡುಗೆಮನೆಯೊಳಕ್ಕೆ ತಂದು ತಕ್ಕಡಿಗೆ ಹಾಕಿದರೆ ಯಾವುದು ಹೆಚ್ಚು ತೂಗೀತು?

ಉತ್ತರ ಗೊತ್ತೇ ಇದೆಯಲ್ಲ ಎನ್ನುವವರು ಸಭೆಯಲ್ಲಿ ಬಹಳ ಮಂದಿ ಇರುತ್ತಾರೆ. ಸಿ ಜೀವಸತ್ವ ಎಂದರೆ ಕಿತ್ತಳೆ, ನಿಂಬೆ. ಔಷಧದಂಗಡಿಯಲ್ಲಿ ಸಿಗುವ ಚೀಪುವ ಗುಳಿಗೆಗೂ ಕಿತ್ತಳೆಯ ಬಣ್ಣ, ಕಿತ್ತಳೆಯ ವಾಸನೆ. ಮೆಣಸಿನಕಾಯಿಯ ಬಣ್ಣ ಬಳಿದು ಆ ಗುಳಿಗೆಯನ್ನು ಮಾರುವ ಧೈರ್ಯ ಯಾವ ಕಂಪನಿಗೂ ಬಂದಿಲ್ಲ. ಬಂದಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಶಕಗಳ ಕಾಲ ಅಚ್ಚು ಹಾಕುತ್ತ ಬಂದ ಭಾರತೀಯ ಆಹಾರಗಳ ಹಳೆಯ ಕೋಷ್ಟಕವನ್ನು ತೆರೆದರೆ, ನೂರು ಗ್ರಾಂ ಕಿತ್ತಳೆಯಲ್ಲಿ ಸಿ ಜೀವಸತ್ವ 30 ಮಿಲಿಗ್ರಾಂ. ಮೂಸಂಬಿಯಲ್ಲಿ 50, ನಮ್ಮ ಗುಂಡು ನಿಂಬೆಯಲ್ಲಿ 63. ಹಸಿಮೆಣಸಿನಕಾಯಿಯಲ್ಲಿ 111. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಅಂಕಿಗಳು ಬೇರೆ: ಕಿತ್ತಳೆಗೆ 53, ಖಾರದ ಹಸಿರು ಮೆಣಸಿನಕಾಯಿಗೆ 242, ಕೆಂಪಗೆ ಹಣ್ಣಾದದ್ದಕ್ಕೆ 144. ತಳಿ, ಮಣ್ಣು, ಕೊಯ್ದ ಹೊತ್ತು, ಅಳೆದ ವಿಧಾನ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಇರುವುದು ಅನುಪಾತದಲ್ಲಿ. ಎರಡು ದೇಶಗಳ ಎರಡು ಪುಸ್ತಕಗಳಲ್ಲೂ ಹಸಿಮೆಣಸಿನಕಾಯಿ ಕಿತ್ತಳೆಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟೋ ಅದಕ್ಕೂ ಮಿಗಿಲೋ ಮುಂದೆ ನಿಂತಿದೆ.

ಈ ನಾಲ್ಕು ಪಟ್ಟಿನ ವ್ಯತ್ಯಾಸಕ್ಕೆ ಒಂದು ನೊಬೆಲ್ ಪ್ರಶಸ್ತಿಯ ಕಥೆಯೂ ಅಂಟಿಕೊಂಡಿದೆ.

ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1893ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದವನು. 1920ರ ದಶಕದ ಕೊನೆಯಲ್ಲಿ ಅವನು ದನದ ಅಡ್ರಿನಲ್ ಗ್ರಂಥಿಗಳಿಂದ, ಕಿತ್ತಳೆಯಿಂದ, ಎಲೆಕೋಸಿನಿಂದ ಒಂದು ವಿಚಿತ್ರ ವಸ್ತುವನ್ನು ಬೇರ್ಪಡಿಸಿದ. ಸಕ್ಕರೆಯ ಬಳಗದ್ದು ಎನ್ನುವುದು ತಿಳಿದಿತ್ತು, ಏನು ಎನ್ನುವುದು ತಿಳಿದಿರಲಿಲ್ಲ. ಗೊತ್ತಿಲ್ಲ ಎಂಬ ಅರ್ಥದ ಲ್ಯಾಟಿನ್ ಮಾತಿಗೆ ಸಕ್ಕರೆಯ ಬಾಲ ಜೋಡಿಸಿ ಅದನ್ನು 'ಇಗ್ನೋಸ್' ಎಂದು ಕರೆದು ಪ್ರಬಂಧ ಕಳಿಸಿದ. ಪತ್ರಿಕೆಯ ಸಂಪಾದಕರಿಗೆ ಈ ತಮಾಷೆ ಹಿಡಿಸಲಿಲ್ಲ. ಹಾಗಾದರೆ 'ಗಾಡ್‌ನೋಸ್', ದೇವರಿಗೇ ಗೊತ್ತು, ಎಂದಿರಲಿ ಎಂದ. ಅದೂ ನಡೆಯಲಿಲ್ಲ. ಕೊನೆಗೆ ಹೆಕ್ಸುರಾನಿಕ್ ಆಮ್ಲ ಎಂಬ ಸಪ್ಪೆ ಹೆಸರಿಗೆ ಒಪ್ಪಬೇಕಾಯಿತು. ಅಮೆರಿಕಕ್ಕೆ ಹೋಗಿ ಕಸಾಯಿಖಾನೆಗಳ ರಾಶಿ ರಾಶಿ ಗ್ರಂಥಿಗಳನ್ನು ಸೋಸಿದರೂ ಕೈಗೆ ಬಂದದ್ದು ಸುಮಾರು 25 ಗ್ರಾಂ. ಅದರಲ್ಲಿ ಒಂದು ಪಾಲನ್ನು ರಚನೆ ತಿಳಿಯಲೆಂದು ಬರ್ಮಿಂಗ್‌ಹ್ಯಾಮಿನ ನಾರ್ಮನ್ ಹಾವರ್ತ್‌ಗೆ ಕೊಟ್ಟ. ಅದು ಸಾಲಲಿಲ್ಲ.

ಮುಂದೆ ಹಂಗೇರಿಯ ಸೆಗೆಡ್ ಊರಿಗೆ ಪ್ರಾಧ್ಯಾಪಕನಾಗಿ ಮರಳಿದ. ಅಲ್ಲಿ ಜೊತೆ ಸೇರಿದ ಜೋಸೆಫ್ ಸ್ವಿರ್ಬೆಲಿ ಎಂಬ ತರುಣ ಗಿನಿಯಿಲಿಗಳ ಮೇಲೆ ಪರೀಕ್ಷೆ ನಡೆಸಿ, ಈ ಹೆಕ್ಸುರಾನಿಕ್ ಆಮ್ಲವೇ ಲೋಕ ಹುಡುಕುತ್ತಿದ್ದ ಸಿ ಜೀವಸತ್ವ ಎಂದು ತೋರಿಸಿಕೊಟ್ಟ. ಗಿನಿಯಿಲಿಯೇ ಏಕೆಂದರೆ, ಮನುಷ್ಯನಂತೆ ಅದೂ ಈ ಜೀವಸತ್ವವನ್ನು ಮೈಯಲ್ಲಿ ತಯಾರಿಸಿಕೊಳ್ಳಲಾರದು. ಸಾಮಾನ್ಯ ಇಲಿಗೆ, ನಾಯಿಗೆ, ದನಕ್ಕೆ ಆ ಶಕ್ತಿ ಇದೆ. ಮನುಷ್ಯನ ವಂಶಕ್ಕೂ ಒಂದು ಕಾಲದಲ್ಲಿ ಇತ್ತು, ಕೋಟ್ಯಂತರ ವರ್ಷಗಳ ಹಿಂದೆ ಒಂದು ವಂಶವಾಹಿ ಕೆಟ್ಟು ಕೂತಿತು, ಅಂದಿನಿಂದ ನಿಂಬೆಯ ಮರ್ಜಿ ಕಾಯುವ ಗತಿ.

ಜೀವಸತ್ವ ಯಾವುದೆಂದು ತಿಳಿಯಿತು, ಆದರೆ ಡಬ್ಬಿ ಖಾಲಿ. ಕಿತ್ತಳೆ, ನಿಂಬೆಯ ರಸದಿಂದ ಇನ್ನಷ್ಟು ತೆಗೆಯೋಣವೆಂದರೆ ಅವುಗಳಲ್ಲಿರುವ ಇತರ ಸಕ್ಕರೆಗಳು ಬಿಡಿಸಿಕೊಳ್ಳಲಾಗದಂತೆ ತಳಕು ಹಾಕಿಕೊಳ್ಳುತ್ತಿದ್ದವು. ಒಂದು ಸಂಜೆ ಹೆಂಡತಿ ಊಟಕ್ಕೆ ತಾಜಾ ಕೆಂಪು ಪಪ್ರಿಕಾ ಬಡಿಸಿದಳು. ಅದನ್ನು ತಿನ್ನಲು ಮನಸ್ಸಿಲ್ಲದೆ ಪಾರಾಗುವ ದಾರಿ ಹುಡುಕುತ್ತಿದ್ದೆ, ಇದೊಂದನ್ನು ಇನ್ನೂ ಪರೀಕ್ಷಿಸಿಲ್ಲವಲ್ಲ ಎಂದು ಆಗ ಹೊಳೆಯಿತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ತಟ್ಟೆಯ ಪಪ್ರಿಕಾ ಪ್ರಯೋಗಾಲಯಕ್ಕೆ ಹೋಯಿತು. ಮಧ್ಯರಾತ್ರಿಯ ಹೊತ್ತಿಗೆ ಅದೊಂದು ನಿಧಿ ಎನ್ನುವುದು ಖಚಿತವಾಗಿತ್ತು. ಸೆಗೆಡ್ ಎಂದರೆ ಪಪ್ರಿಕಾದ ತವರು, ನಮ್ಮ ಬ್ಯಾಡಗಿಯ ಹಾಗೆ. ಗ್ರಾಮಿನ ಲೆಕ್ಕದಲ್ಲಿ ಸಿಗುತ್ತಿದ್ದ ವಸ್ತು ಕೆಲವೇ ವಾರಗಳಲ್ಲಿ ಕಿಲೋ ಲೆಕ್ಕಕ್ಕೆ ಬಂತು. ಈ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ಎಂಬ ಕಾಯಿಲೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ ಆಸ್ಕಾರ್ಬಿಕ್ ಆಮ್ಲ ಎಂಬ ಹೆಸರು ಬಿತ್ತು. 1937ರಲ್ಲಿ ಅವನಿಗೆ ವೈದ್ಯಕೀಯದ ನೊಬೆಲ್, ಅದೇ ವರ್ಷ ಹಾವರ್ತ್‌ಗೆ ರಸಾಯನಶಾಸ್ತ್ರದ ನೊಬೆಲಿನಲ್ಲಿ ಪಾಲು. ಹೆಂಡತಿಯ ಅಡುಗೆ ಬೇಡವೆಂದು ಎದ್ದವರ ಪೈಕಿ ಇಷ್ಟು ಗೌರವ ಪಡೆದವನು ಇವನೊಬ್ಬನೇ ಇರಬೇಕು.

ಪಪ್ರಿಕಾ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಬಾಲ್ಕನ್ ಕಡೆಯ ಸ್ಲಾವ್ ಭಾಷೆಗಳಲ್ಲಿ ಕಾಳುಮೆಣಸಿಗಿದ್ದ ಹೆಸರಿನಿಂದ ಹುಟ್ಟಿದ ಪದ ಅದು. ಕನ್ನಡವೂ ಮಾಡಿದ್ದು ಅದನ್ನೇ. ಮೆಣಸು ಮೊದಲೇ ಇತ್ತು, ಮಲೆನಾಡಿನ ಮರಗಳಿಗೆ ಹಬ್ಬಿದ ಬಳ್ಳಿಯಲ್ಲಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದ ಖಾರದ ಕಾಯಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟು ಒಳಕ್ಕೆ ಕರೆದುಕೊಂಡೆವು. ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ಯಾವ ನೆಂಟಸ್ತಿಕೆಯೂ ಇಲ್ಲ. ಮೆಣಸಿನಕಾಯಿ ಬದನೆ, ಟೊಮೆಟೊಗಳ ಬಳಗದ್ದು. ಸಿ ಜೀವಸತ್ವದ ಲೆಕ್ಕದಲ್ಲಿ ಒಣ ಕಾಳುಮೆಣಸು ಸೊನ್ನೆ ಎಂದರೂ ನಡೆದೀತು. ಆದರೆ ಹೊಸಬನ ಒಗ್ಗಿಕೊಳ್ಳುವ ವೇಗ ನೋಡಿ: ಪುರಂದರದಾಸರ ಹೆಸರಿನಲ್ಲೇ ಮೆಣಸಿನಕಾಯಿಯ ಮೇಲೊಂದು ಕೀರ್ತನೆ ಚಾಲ್ತಿಯಲ್ಲಿದೆ. ಭಾರತದ ಆಹಾರ ಚರಿತ್ರೆ ಬರೆದ ಕೆ.ಟಿ. ಅಚಯ ಅದನ್ನು ನೆನೆದಿದ್ದಾರೆ. ನಿಂಬೆಯ ಕಥೆ ತಿರುಗುಮುರುಗು. ಅದು ಈ ಕಡೆಯ ಗಿಡ. ಹಿಮಾಲಯದ ತಪ್ಪಲು, ಈಶಾನ್ಯದ ಕಾಡುಗಳು ಅದರ ಬಳಗದ ಹಳೆಯ ನೆಲೆ. ಆರೆಂಜ್ ಎಂಬ ಪದದ ಬೇರು ಕೂಡ ನಾರಂಗ. ಅದು ಪಶ್ಚಿಮಕ್ಕೆ ಹೋಯಿತು, ಮೆಣಸಿನಕಾಯಿ ಪೂರ್ವಕ್ಕೆ ಬಂತು.

ಈ ಅದಲುಬದಲಿನ ನಡುವೆ ಕಾರವಾರದ ಕಡಲಲ್ಲಿ ನಡೆದದ್ದೊಂದಿದೆ. 1498ರ ಅಕ್ಟೋಬರಿನಲ್ಲಿ ವಾಸ್ಕೋ ಡ ಗಾಮ ಕಾರವಾರದ ಎದುರಿನ ಅಂಜದೀವ್ ದ್ವೀಪದಿಂದ ಆಫ್ರಿಕದ ಕಡೆಗೆ ಹಾಯಿ ಬಿಚ್ಚಿದ. ಬರುವಾಗ ಮುಂಗಾರಿನ ಗಾಳಿ ಬೆನ್ನಿಗಿದ್ದು ನಾಲ್ಕು ವಾರದೊಳಗೆ ದಾಟಿದ್ದ ಸಮುದ್ರ, ಹೋಗುವಾಗ ಗಾಳಿ ತಿರುಗದೆ ಮೂರು ತಿಂಗಳು ಹಿಡಿಯಿತು. ನಾವಿಕರ ವಸಡು ಊದಿ ಹಲ್ಲುಗಳನ್ನು ಮುಚ್ಚಿದವು, ಕಾಲು ಬಾತವು, ಅನ್ನ ಬಾಯಿಗೆ ಹೋಗದಾಯಿತು. ಆ ಒಂದು ದಾಟುವಿಕೆಯಲ್ಲೇ ಮೂವತ್ತು ಮಂದಿ ಸತ್ತರು. ಮಲಿಂದಿಗೆ ಮುಟ್ಟಿದಾಗ ಕಾಯಿಲೆಯವರು ಹಂಬಲಿಸಿ ಕೇಳಿದ್ದು ಕಿತ್ತಳೆಯನ್ನು. ಹೊರಟ ದಿನ ಅಂಜದೀವಿನ ಎದುರಿನ ದಡದಲ್ಲಿ ನಿಂಬೆಗೇನೂ ಬರವಿರಲಿಲ್ಲ.

ಆ ಕಾಯಿಲೆಯೇ ಸ್ಕರ್ವಿ. ಅದಕ್ಕೆ ಹುಳಿಹಣ್ಣು ಮದ್ದು ಎನ್ನುವುದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದವನು ಜೇಮ್ಸ್ ಲಿಂಡ್, 1747ರಲ್ಲಿ, ಸಾಲಿಸ್‌ಬರಿ ಎಂಬ ಬ್ರಿಟಿಷ್ ಹಡಗಿನಲ್ಲಿ. ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ ಕೊಟ್ಟ. ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್ ತಿಂದ ಜೋಡಿ ಆರೇ ದಿನದಲ್ಲಿ ಎದ್ದು ನಿಂತಿತು. ಆರು ದಿನಕ್ಕೆ ಹಣ್ಣೂ ಮುಗಿದಿತ್ತು. ಬ್ರಿಟಿಷ್ ನೌಕಾಪಡೆ ಲೆಮನ್ ರಸ ಹಂಚಲು ಒಪ್ಪಿಕೊಳ್ಳಬೇಕಾದರೆ 1795 ಬರಬೇಕಾಯಿತು. ಅಲ್ಲಿಂದಾಚೆಗೆ ಆದದ್ದು ಇನ್ನೂ ಸ್ವಾರಸ್ಯ. 1860ರ ದಶಕದಲ್ಲಿ ಮೆಡಿಟರೇನಿಯನ್ ಕಡೆಯ ಲೆಮನ್ ಬಿಟ್ಟು, ತಮ್ಮದೇ ವಸಾಹತಾದ ವೆಸ್ಟ್ ಇಂಡೀಸಿನ ಲೈಮ್ ತರಿಸಿದರು. ಹೆಚ್ಚು ಹುಳಿ, ಆದ್ದರಿಂದ ಹೆಚ್ಚು ಗುಣ ಎಂಬ ನಂಬಿಕೆ. ಹುಳಿಯೇನೋ ಹೆಚ್ಚಿತ್ತು, ಜೀವಸತ್ವ ಕಡಿಮೆ ಇತ್ತು. ಇದ್ದದ್ದೂ ಗಾಳಿಗೆ, ಬೆಳಕಿಗೆ, ತಾಮ್ರದ ಕೊಳವೆಗಳಿಗೆ ಸೋಕಿ ನಾಶವಾಗುತ್ತಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ಬ್ರಿಟಿಷ್ ತಂಡ ಲೈಮ್ ರಸ ಕುಡಿಯುತ್ತಲೇ ಸ್ಕರ್ವಿಗೆ ಬಿತ್ತು.

ಹುಳಿ ಎಂದರೆ ಸಿ ಜೀವಸತ್ವ ಎಂಬ ಆ ತಪ್ಪು ಇಂದಿಗೂ ನಮ್ಮ ಅಡುಗೆಮನೆಗಳಲ್ಲಿ ಆರಾಮವಾಗಿ ಕೂತಿದೆ. ನಿಂಬೆಯ ಹುಳಿ ಸಿಟ್ರಿಕ್ ಆಮ್ಲದ್ದು, ಆಸ್ಕಾರ್ಬಿಕ್ ಆಮ್ಲದ್ದಲ್ಲ. ಹುಣಸೆಹಣ್ಣು ನಾಲಗೆಯನ್ನು ಎಷ್ಟು ಚುರುಗುಟ್ಟಿಸಿದರೂ ನೂರು ಗ್ರಾಮಿನಲ್ಲಿ ಮೂರು ನಾಲ್ಕು ಮಿಲಿಗ್ರಾಂ ಮೀರದು. ಅದು ಟಾರ್ಟಾರಿಕ್ ಆಮ್ಲದ ಆಟ. ಇತ್ತ ಹುಳಿಯ ಸುಳಿವೇ ಇಲ್ಲದ ಸೀಬೆಹಣ್ಣಿನಲ್ಲಿ 200ಕ್ಕೂ ಮಿಗಿಲು. ನೆಲ್ಲಿಕಾಯಿಯ ಮಾತು ಬೇರೆಯೇ, ಅದು ಈ ಸ್ಪರ್ಧೆಗೆ ಇಳಿದರೆ ನಿಂಬೆಯೂ ಮೆಣಸಿನಕಾಯಿಯೂ ಎದ್ದು ಮನೆಗೆ ಹೋಗಬೇಕು.

ಹಾಗೆಯೇ ಖಾರಕ್ಕೂ ಪೋಷಣೆಗೂ ಸಂಬಂಧವಿಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ಜೀವಸತ್ವವಲ್ಲ, ಖನಿಜವಲ್ಲ, ರುಚಿ ಕೂಡ ಅಲ್ಲ. ಅದು ನೋವು. ಮೈಗೆ ಸುಡುಶಾಖ ತಾಕಿದಾಗ ಎಚ್ಚರಿಕೆ ಕೊಡುವ ಗ್ರಾಹಕವೊಂದು ನರಗಳ ತುದಿಯಲ್ಲಿದೆ. ಕ್ಯಾಪ್ಸೈಸಿನ್ ಅದನ್ನು ಏಮಾರಿಸಿ ಬಾಯಿಗೆ ಬೆಂಕಿ ಬಿದ್ದಿದೆ ಎಂದು ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಮೆಣಸಿನಕಾಯಿಯ ಬಾಬ್ತಿನಲ್ಲಿ ವೈದ್ಯಕೀಯಕ್ಕೆ ಇದು ಎರಡನೆಯ ನೊಬೆಲ್ ಎನ್ನಲಡ್ಡಿಯಿಲ್ಲ. ಹಕ್ಕಿಗಳಿಗೆ ಈ ಉರಿ ತಿಳಿಯದು. ಅವು ಹಣ್ಣು ನುಂಗಿ ಬೀಜ ಹರಡುತ್ತವೆ. ಖಾರ ಹೆಚ್ಚಾದಾಗ ನೀರಿಗೆ ಕೈ ಚಾಚುವುದು ದಂಡ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು, ಮೊಸರು ಅದನ್ನು ತೊಳೆದೊಯ್ಯುತ್ತವೆ. ಖಡಕ್ ರೊಟ್ಟಿ, ಚಟ್ನಿಯ ಪಕ್ಕ ಮೊಸರು ಇಡುವವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇಲ್ಲಿಗೆ ಬಂದಾಗ ಕೋಷ್ಟಕದ ನಾಲ್ಕು ಪಟ್ಟು ಕರಗಲು ಶುರುವಾಗುತ್ತದೆ. ನೂರು ಗ್ರಾಂ ಕಿತ್ತಳೆ ಎಂದರೆ ಒಂದು ಹಣ್ಣು, ಮಾತಾಡುತ್ತ ಕೂತರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ನೂರು ಗ್ರಾಂ ಹಸಿಮೆಣಸಿನಕಾಯಿ ಎಂದರೆ ಇಪ್ಪತ್ತಕ್ಕೂ ಹೆಚ್ಚು ಕಾಯಿ. ತಿಂದವರು ಆಮೇಲೆ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ. ನಾಲ್ಕೈದು ಗ್ರಾಮಿನ ಒಂದು ಕಾಯಿಯಿಂದ ಸಿಗುವುದು ಐದರಿಂದ ಹತ್ತು ಮಿಲಿಗ್ರಾಂ. 2020ರ ಭಾರತೀಯ ಶಿಫಾರಸಿನಂತೆ ಒಬ್ಬ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಬೇಕು. ಸೆಗೆಡ್‌ನ ವಿಜ್ಞಾನಿಗೆ ಈ ತೊಡಕು ಇರಲಿಲ್ಲ, ಅವನ ಗಾಜಿನ ಪಾತ್ರೆಗೆ ನಾಲಗೆ ಇರಲಿಲ್ಲ. ಜೊತೆಗೆ ಪಪ್ರಿಕಾ ನಮ್ಮ ಹಸಿಮೆಣಸಿನಕಾಯಿಯಷ್ಟು ಉರಿಯುವುದೂ ಅಲ್ಲ. ಖಾರವಿಲ್ಲದ ದೊಣ್ಣೆಮೆಣಸಿನಕಾಯಿಯಲ್ಲಿ ಹಸಿರಿದ್ದಾಗ 80, ಕೆಂಪಾದಾಗ 128 ಮಿಲಿಗ್ರಾಂ ಇದೆ ಎನ್ನುತ್ತದೆ ಅಮೆರಿಕದ ಕೋಷ್ಟಕ. ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಹಸಿಯಾಗಿ ಹೆಚ್ಚಿ ತಿಂದರೆ ಅರ್ಧ ಕಾಯಿಗೇ ದಿನದ ಬಾಕಿ ತೀರುತ್ತದೆ. ನಿಂಬೆಯ ಪಾಡೂ ಮೆಣಸಿನಕಾಯಿಯದ್ದೇ. ನೂರು ಗ್ರಾಂ ನಿಂಬೆಯನ್ನು ಯಾರೂ ತಿನ್ನುವುದಿಲ್ಲ, ಹಿಂಡಿದಾಗ ಬೀಳುವುದು ಮೂರು ನಾಲ್ಕು ಚಮಚ ರಸ. ನಿಂಬೆಯ ಬಳಗದಲ್ಲಿ ಊಟದಷ್ಟು ತಿನ್ನಬಹುದಾದ ಹಣ್ಣುಗಳೆಂದರೆ ಕಿತ್ತಳೆ, ಮೂಸಂಬಿ, ಚಕ್ಕೋತ. ಅಲ್ಲಿ ಹಸಿಮೆಣಸಿನಕಾಯಿ ಅವಕ್ಕೆ ಎದುರಲ್ಲ.

ಒಣಗಿಸಿದರೆ ಲೆಕ್ಕ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮಾರುಕಟ್ಟೆಗೆ ಸುಗ್ಗಿಯಲ್ಲಿ ಕಾಲಿಟ್ಟವರಿಗೆ ಗೊತ್ತು, ನೆಲವೇ ಕೆಂಪು, ಗಾಳಿಯೇ ಸೀನು. ಡಬ್ಬಿ, ಕಡ್ಡಿ ಎಂಬ ಅಲ್ಲಿನ ತಳಿಗಳು ಖಾರಕ್ಕಿಂತ ಬಣ್ಣಕ್ಕೆ ಹೆಸರಾದವು. ಆ ಬಣ್ಣವನ್ನು ಹಿಂಡಿ ತೆಗೆದು ತುಟಿಯ ರಂಗಿಗೂ ಬಳಸುತ್ತಾರೆ. ಆದರೆ ಸಿ ಜೀವಸತ್ವ ಹುಡುಕಿಕೊಂಡು ಅಲ್ಲಿಗೆ ಹೋಗಬಾರದು. ಹಸಿಕಾಯಿಯ ನೀರೆಲ್ಲ ಆರಿದಾಗ ಉಳಿದ ಸತ್ವ ಆರು ಪಟ್ಟಿಗೂ ಹೆಚ್ಚು ಸಾಂದ್ರವಾಗುತ್ತದೆ. ಆ ಲೆಕ್ಕದಲ್ಲಿ ಒಣಮೆಣಸಿನಕಾಯಿಯಲ್ಲಿ 700 ಮಿಲಿಗ್ರಾಮಿನಷ್ಟು ಇರಬೇಕಿತ್ತು. ನಮ್ಮ ಹಳೆಯ ಕೋಷ್ಟಕದಲ್ಲಿರುವುದು 50. ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾಗಿ ಬಿಸಿಲು ತಿಂದಿದೆ. ಪುಡಿ ಮಾಡಿ ಡಬ್ಬದಲ್ಲಿಟ್ಟು, ಎಣ್ಣೆಯಲ್ಲಿ ಹುರಿದು, ಸಾರಿನಲ್ಲಿ ಕುದಿಸಿದ ಮೇಲೆ ಉಳಿಯುವುದರ ಬಗ್ಗೆ ಮಾತಾಡದಿರುವುದು ಲೇಸು. ಹಾಗೆಂದು ಒಣಮೆಣಸಿನಕಾಯಿ ಬರಿದಲ್ಲ. ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕೆರೋಟಿನ್ ಬಿಸಿಲನ್ನು ಸಿ ಜೀವಸತ್ವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ, ಒಗ್ಗರಣೆಯ ಎಣ್ಣೆ ಅದನ್ನು ಮೈಗೆ ಹತ್ತಿಸುತ್ತದೆ. ಬ್ಯಾಡಗಿಯ ಕಡುಗೆಂಪಿಗೆ ಮುಖ್ಯ ಕಾರಣವಾದ ಕ್ಯಾಪ್ಸಾಂಥಿನ್ ಮಾತ್ರ ಎ ಜೀವಸತ್ವ ಆಗುವುದಿಲ್ಲ. ಕೆಂಪಾದಷ್ಟೂ ಕಣ್ಣಿಗೆ ಒಳ್ಳೆಯದು ಎನ್ನುವ ಮಾತಿಗೆ ಕಣ್ಣಿಗೆ ಚೆಂದ ಎಂಬಷ್ಟೇ ಅರ್ಥ.

ಹೀಗಾಗಿ ಯಾವುದರಲ್ಲಿ ಹೆಚ್ಚು ಎಂಬ ಪ್ರಶ್ನೆಗಿಂತ ಯಾವಾಗ, ಹೇಗೆ, ಯಾವುದರ ಜೊತೆ ಎಂಬ ಪ್ರಶ್ನೆ ದೊಡ್ಡದು. ಅದಕ್ಕೆ ಚಿತ್ರಾನ್ನ ಒಳ್ಳೆಯ ಉದಾಹರಣೆ. ಹಸಿಮೆಣಸಿನಕಾಯಿ ಒಗ್ಗರಣೆಯ ಎಣ್ಣೆಗೆ ಬಿದ್ದು ತನ್ನ ಸಿ ಜೀವಸತ್ವವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ನಿಂಬೆಯನ್ನು ಹಿಂಡುವುದು ಬಾಣಲೆ ಒಲೆಯಿಂದ ಇಳಿದ ಮೇಲೆ, ಇಲ್ಲದಿದ್ದರೆ ಕಹಿಯಾಗುತ್ತದೆ ಎಂದು ಹಿರಿಯರು ಗದರುತ್ತಾರೆ. ಆ ಗದರಿಕೆಯಿಂದ ಜೀವಸತ್ವವೂ ಉಳಿಯುತ್ತದೆ. ಉತ್ತರ ಕರ್ನಾಟಕದ ಕೆಂಪು ಖಾರ, ಕೆಲವರ ಬಾಯಲ್ಲಿ ರಂಜಕ, ಇನ್ನೂ ಜಾಣತನದ್ದು. ಹಣ್ಣಾದ ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ರುಬ್ಬಿ ನಿಂಬೆ ಹಿಂಡುತ್ತಾರೆ. ಒಲೆಯ ಮಾತೇ ಇಲ್ಲ, ಮೇಲಾಗಿ ಹುಳಿಯ ನಡುವೆ ಆಸ್ಕಾರ್ಬಿಕ್ ಆಮ್ಲ ನಿಧಾನವಾಗಿ ಕೆಡುತ್ತದೆ. ವರ್ಷಗಟ್ಟಲೆ ಭರಣಿಯಲ್ಲಿ ಕೂರುವ ನಿಂಬೆ ಉಪ್ಪಿನಕಾಯಿಗೆ ಈ ಮಾತು ಸಲ್ಲದು, ಅಲ್ಲಿ ಬಹುಪಾಲು ಹೋಗಿಯೇ ಇರುತ್ತದೆ.

ಯಾವುದರ ಜೊತೆ ಎಂಬುದರ ಉತ್ತರ ಕಬ್ಬಿಣದಲ್ಲಿದೆ. ರಾಗಿ, ಜೋಳ, ಬೇಳೆ, ಸೊಪ್ಪುಗಳ ಕಬ್ಬಿಣ ಮಾಂಸದ ಕಬ್ಬಿಣದಂತೆ ಸಲೀಸಾಗಿ ರಕ್ತಕ್ಕೆ ಇಳಿಯುವುದಿಲ್ಲ. ಅದೇ ತುತ್ತಿನಲ್ಲಿ ಸಿ ಜೀವಸತ್ವ ಇದ್ದರೆ ಅದು ಕಬ್ಬಿಣದ ರೂಪ ಬದಲಿಸಿ ಹೀರಿಕೆಯನ್ನು ಗಣನೀಯವಾಗಿ ಹೆಚ್ಚಿಸುತ್ತದೆ. ಬೆಳಿಗ್ಗೆ ತಿಂದ ಕಿತ್ತಳೆ ರಾತ್ರಿಯ ಸೊಪ್ಪಿಗೆ ಈ ಸಹಾಯ ಮಾಡಲಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಕಾರಣಗಳು ಹಲವು, ಬಡತನ ಮೊದಲನೆಯದು, ಅರ್ಧ ನಿಂಬೆಯಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವುದು ಉಡಾಫೆ. ಆದರೂ ಮುದ್ದೆ, ಬಸ್ಸಾರಿನ ತಟ್ಟೆಗೆ ಹಿಂಡಿದ ನಿಂಬೆಯೋ ಜೋಳದ ರೊಟ್ಟಿಯ ಜೊತೆ ಕಚ್ಚಿದ ಹಸಿಮೆಣಸಿನಕಾಯಿಯೋ ತನ್ನ ಮಿಲಿಗ್ರಾಮಿಗಿಂತ ದೊಡ್ಡ ಕೆಲಸ ಮಾಡುತ್ತದೆ. ಊಟ ಮುಗಿದ ಕೂಡಲೇ ಬರುವ ಕಾಫಿ, ಟೀ ಆ ಕೆಲಸವನ್ನು ಕೆಡಿಸುತ್ತವೆ. ಈ ಮಾತಿಗೆ ಕರ್ನಾಟಕದ ಯಾವ ಸಭೆಯಲ್ಲೂ ಚಪ್ಪಾಳೆ ಬಿದ್ದಿಲ್ಲ.

ನಿಂಬೆಯ ಬಳಗದ ಪರವಾಗಿ ಹೇಳಬೇಕಾದ್ದು ಸಿ ಜೀವಸತ್ವಕ್ಕೆ ಮುಗಿಯುವುದಿಲ್ಲ. ಮೂತ್ರದಲ್ಲಿ ಸಿಟ್ರೇಟ್ ಹೆಚ್ಚಿದರೆ ಕ್ಯಾಲ್ಸಿಯಂ ಕಲ್ಲು ಕಟ್ಟುವುದು ಕಷ್ಟ, ಆ ಸಿಟ್ರೇಟ್ ನಿಂಬೆರಸದಲ್ಲಿ ಧಾರಾಳ. ಕಿತ್ತಳೆಯಲ್ಲಿ ಫೋಲೇಟ್ ಇದೆ, ತೊಳೆಯ ಪೊರೆಯಲ್ಲಿ ನಾರು ಇದೆ. ರಸ ಹಿಂಡಿ ಸೋಸಿದವರು ಆ ನಾರನ್ನು ಚರಂಡಿಗೆ ಕಳಿಸುತ್ತಾರೆ. ನಾವು ಬಿಸಾಡುವ ಸಿಪ್ಪೆಯಲ್ಲಿ ತಿರುಳಿನ ದುಪ್ಪಟ್ಟಿಗೂ ಹೆಚ್ಚು ಸಿ ಜೀವಸತ್ವ. ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವ ಮನೆಗಳಿಗೆ ಮಾತ್ರ ಇದು ಹಳೆಯ ಸುದ್ದಿ. ಒಂದು ಎಚ್ಚರಿಕೆಯೂ ಬೇಕು. ಚಕ್ಕೋತ ಮತ್ತು ಅದರ ಮಗಳಾದ ಗ್ರೇಪ್‌ಫ್ರೂಟ್ ಕೆಲವು ಔಷಧಗಳನ್ನು ಮೈ ಕರಗಿಸದಂತೆ ಕರುಳಿನ ಕಿಣ್ವವೊಂದನ್ನು ಕಟ್ಟಿಹಾಕುತ್ತವೆ. ಆಗ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಕೊಲೆಸ್ಟ್ರಾಲಿನ ಕೆಲವು ಮಾತ್ರೆಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು ಆ ಪಟ್ಟಿಯಲ್ಲಿವೆ. ದೇವನಹಳ್ಳಿಯ ಚಕ್ಕೋತ ಎಷ್ಟೇ ಸಿಹಿಯಿರಲಿ, ಅಂಥ ಮಾತ್ರೆ ನುಂಗುವವರು ವೈದ್ಯರನ್ನು ಒಂದು ಮಾತು ಕೇಳಿ ತಿನ್ನುವುದು ಒಳ್ಳೆಯದು. ಕೊಡಗಿನ ಕಿತ್ತಳೆಯ ಬಗ್ಗೆ ಹೇಳುವುದಾದರೆ, ಸಮಸ್ಯೆ ಪೋಷಕಾಂಶದ್ದಲ್ಲ, ಹಣ್ಣೇ ಸಿಗದಿರುವುದರದ್ದು. ಕಾಫಿ ತೋಟಗಳ ನಡುವೆ ತುಂಬಿ ತುಳುಕುತ್ತಿದ್ದ ಆ ತೆಳುಸಿಪ್ಪೆಯ ಹಣ್ಣನ್ನು, ಜಿಗಿಹುಳು ಹರಡುವ ಗ್ರೀನಿಂಗ್ ಎಂಬ ರೋಗ ಬಹುಮಟ್ಟಿಗೆ ಖಾಲಿ ಮಾಡಿದೆ.

ಇನ್ನು ಬಾಗಿಲ ಮೇಲಿನ ದಾರದ ಲೆಕ್ಕ. ಏಳು ಮೆಣಸಿನಕಾಯಿ ಸೇರಿ ಸುಮಾರು 30 ಗ್ರಾಂ. ಹೈದರಾಬಾದಿನ ಹಳೆಯ ಕೋಷ್ಟಕದಂತೆ 33 ಮಿಲಿಗ್ರಾಂ, ಅಮೆರಿಕದ್ದನ್ನು ನಂಬಿದರೆ 73. ನಿಂಬೆಯ ರಸದಿಂದ ಇನ್ನೊಂದು ಐದೋ ಹತ್ತೋ. ಕಡಿಮೆಯೆಂದರೂ ಒಬ್ಬ ಹೆಂಗಸಿನ ದಿನದ ಅಗತ್ಯದ ಅರ್ಧಕ್ಕಿಂತ ಹೆಚ್ಚು, ಅದೃಷ್ಟವಿದ್ದರೆ ಪೂರ್ತಿ. ಇದು ಶನಿವಾರ ಬೆಳಗಿನ ಲೆಕ್ಕ. ಸೋಮವಾರದ ಹೊತ್ತಿಗೆ ಮೆಣಸಿನಕಾಯಿ ಮುದುಡಿರುತ್ತದೆ, ಗುರುವಾರಕ್ಕೆ ನಿಂಬೆಯ ಸಿಪ್ಪೆ ಕಂದಿ ಚಕ್ಕಳವಾಗಿರುತ್ತದೆ. ಮುಂದಿನ ಶನಿವಾರ ಹಳೆಯ ದಾರವನ್ನು ಬಿಚ್ಚಿ ಬೀದಿಗೆ ಎಸೆಯುತ್ತಾರೆ, ದಾರಿಹೋಕರು ಅದನ್ನು ತುಳಿಯದೆ ಸುತ್ತಿ ಬಳಸಿ ನಡೆಯುತ್ತಾರೆ.